ಬೆಣ್ಣೆ ಕರಗದ ನೆರಳು

ಶಿವರಾತ್ರಿ ಕಳೆದು ವಾರ ತುಂಬಿರಲಿಲ್ಲ, ಬಿಸಿಲು ಆಗಲೇ ಬಾವಿಕಟ್ಟೆಯ ಕಲ್ಲಿನ ಮೇಲೆ ಕೂರಗೊಡುತ್ತಿರಲಿಲ್ಲ. ನಾನೂ ಕೆಂಚಕ್ಕನೂ ಎಲೆತೋಟದಲ್ಲಿ ಬಳ್ಳಿ ಇಳಿಸುತ್ತಿದ್ದೆವು. ವರ್ಷಕ್ಕೊಮ್ಮೆ ವೀಳ್ಯದೆಲೆಯ ಬಳ್ಳಿಯನ್ನು ಅಗಸೆ ಮರದಿಂದ ಬಿಡಿಸಿ, ಎಲೆ ಕೊಯ್ದು ಬರಿದಾದ ಭಾಗವನ್ನು ಸುರುಳಿ ಸುತ್ತಿ ಬುಡದಲ್ಲಿ ಹೂತು, ಎಳೆಯ ತುದಿಯನ್ನು ಮತ್ತೆ ಮರಕ್ಕೆ ಕಟ್ಟಬೇಕು. ಅವಸರ ಮಾಡುವ ಕೆಲಸವಲ್ಲ. ಗಿಣ್ಣಿನಲ್ಲಿ ಮುರಿಯಿತೋ, ಆ ವರ್ಷ ಆ ಮರ ಬರಿದು. ಕೆಂಚಕ್ಕ ಪಕ್ಕದ ಮನೆಯವಳು, ಮುಯ್ಯಾಳಾಗಿ ಬಂದಿದ್ದಳು. ನನ್ನ ತೋಟಕ್ಕೆ ಅವಳದೊಂದು ದಿನ, ಅವಳ ಹೊಲಕ್ಕೆ ನನ್ನದೊಂದು ದಿನ. ಯಾವ ದಿನ ಎನ್ನುವುದನ್ನು ಕರೆಯುವವರು ಗೊತ್ತುಮಾಡುತ್ತಾರೆ. ಕರೆದಾಗ ಆಗುವುದಿಲ್ಲ ಎನ್ನುವಂತಿಲ್ಲ.

ನಾನು ಬಗ್ಗಿ ಬುಡದ ಮಣ್ಣು ಮುಚ್ಚಿ ಎದ್ದೆ. ಕೆಂಚಕ್ಕ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕಳು.

"ನೋಡೆ ಸಿರಿ, ನೀನೆದ್ರೂ ನಿನ್ ನೆರಳು ಇನ್ನೂ ಬಗ್ಗೇ ಅವ್ಳೆ."

"ಅವಳೊಬ್ಬಳಾದ್ರೂ ದುಡೀಲಿ ಬುಡಕ್ಕ" ಎಂದೆ.

ಬಾಯಲ್ಲಿ ಹಾಗೆಂದರೂ ಮನಸ್ಸಿಗೆ ಸರಿಬರಲಿಲ್ಲ. ಅಗಸೆ ಎಲೆ ಅಲ್ಲಾಡಿ ನಿಂತ ಮೇಲೆ ಅದರ ನೆರಳು ಅಲ್ಲಾಡುತ್ತಿತ್ತು. ಕೆಲವು ಕಡೆ ನೆರಳು ಹರಿದ ಗೋಣಿಯ ಹಾಗೆ ತೂತುಬಿದ್ದು, ತೂತಿನ ಬಿಸಿಲು ಸೀದಾ ಬಳ್ಳಿಯ ತುದಿಯ ಮೇಲೆ ಬೀಳುತ್ತಿತ್ತು. ವೀಳ್ಯದ ಬಳ್ಳಿಗೆ ನೀರು ಒಂದು ಹೊತ್ತು ತಪ್ಪಿದರೂ ನಡೆಯುತ್ತದೆ, ನೆರಳು ತಪ್ಪಿದರೆ ಆಗುವುದಿಲ್ಲ. ನಾಲ್ಕು ಮಧ್ಯಾಹ್ನ ಬಿಸಿಲು ಕಂಡರೆ ಎಲೆ ಬೆಳ್ಳಗಾಗಿ ಕಾಗದದಂತೆ ಮುದುರುತ್ತದೆ, ಆಮೇಲೆ ಬಳ್ಳಿ ತಿರುಗಿ ಏಳುವುದಿಲ್ಲ. ಈ ತೋಟವನ್ನು ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆಯ ಜೊತೆ ನಿಂತು ನೆಟ್ಟದ್ದು. ನಮ್ಮ ಮನೆಯ ಒಲೆ ಉರಿಯುವುದು ಇದರಿಂದಲೇ.

ನಮ್ಮೂರಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ಸೂರಿನ ಕೆಳಗಿನ ಮಬ್ಬು ಆಯಾ ಮನೆಯದು, ಅದಕ್ಕೆ ಏನೂ ಬೇಡ. ಬಯಲಿನ ನೆರಳಿಗೆ ಮಾತ್ರ ಕಾರ್ಡು ಬೇಕು. ಕೇರಿಗೊಂದು ನೆರಳುಮನೆ, ಅದರೊಳಗೊಂದು ಕಂಪ್ಯೂಟರು, ಕಂಪ್ಯೂಟರಿನ ಹೊಟ್ಟೆಯಲ್ಲಿ ಗ್ರಾಫಿಕ್ಸ್ ಕಾರ್ಡು. ಕೇರಿಯ ಮರ, ಮನೆ, ದನ, ಜನ ಎಲ್ಲರ ನೆರಳನ್ನೂ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅದೇ ಬರೆಯಬೇಕು. ಕೆರೆಯ ನೀರು ಬಿಡಲು ನೀರುಗಂಟಿ ಇದ್ದ ಹಾಗೆ ನೆರಳುಮನೆಗೆ ಒಬ್ಬ ನೆರಳುಗಂಟಿ. ನಮ್ಮ ಕೇರಿಯ ನೆರಳುಗಂಟಿ ಜುಂಜಪ್ಪ ಆ ಹೊತ್ತಿಗೆ ತೋಟದ ಬೇಲಿಯ ಹತ್ತಿರ ಬಂದು, ಟವಲಿನಿಂದ ಕತ್ತು ಒರೆಸಿಕೊಂಡು ನಿಂತ.

"ಸಿರಿಯವ್ವ, ಕಾರ್ಡು ಇನ್ನೇನು ಈ ಬ್ಯಾಸಿಗೆ ತಡೆಯಾಕಿಲ್ಲ. ಫ್ಯಾನು ಒಂದು ನಿಂತೋಗೈತೆ. ಹೊಸದು ಕೂರಿಸಬೇಕು."

"ಯಾವ್ದು ಕೂರಿಸ್ತೀಯಣ್ಣ?"

"ಎರಡು ಬಂದವೆ. ನಾನು ತರಿಸಿದ್ದೊಂದು, ನಿನ್ ತಮ್ಮ ಓಬಳೇಶ ತಂದಿರೋದೊಂದು. ನಾಳೆ ನಾಡಿದ್ದು ಬೆಣ್ಣೆ ಇಟ್ಟು ನೋಡೋದು. ಕೆಂಚವ್ವ, ನಿನ್ನ ಎಮ್ಮೆ ಬೆಣ್ಣೆ ರೆಡಿ ಮಡಗು."

ಓಬಳೇಶ ಬಂದಿರುವುದು ನನಗೇ ಗೊತ್ತಿರಲಿಲ್ಲ. ಅಕ್ಕನ ಊರಿಗೆ ಬಂದವನು ಅಕ್ಕನ ಮನೆಗೆ ಬರುವ ಮೊದಲು ನೆರಳುಮನೆಗೆ ಯಾಕೆ ಹೋದ?

ಸಂಜೆ ಮನೆಗೆ ಹೋದಾಗ ಜಗಲಿಯ ಮೇಲೆ ಅವನೂ ನನ್ನ ಗಂಡ ದ್ಯಾಮಣ್ಣನೂ ಕಾಫಿ ಕುಡಿಯುತ್ತಾ ಕೂತಿದ್ದರು. ನಡುವೆ ಹೊಳೆಯುವ ಡಬ್ಬಿ. ಓಬಳೇಶನಿಗೆ ಸಂತೆಯೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಮಾತು ಜಾಸ್ತಿ, ಕೈ ಚುರುಕು. ಆ ವರ್ಷ ಮನೆ ಕಟ್ಟಿಸಲು ಪಾಯ ತೆಗೆಸಿದ್ದ. ಕಾರ್ಡು ತಂದುಕೊಟ್ಟವನಿಗೆ ಕೇರಿಯ ಪ್ರತಿ ಮನೆಯಿಂದ ಒಂದೊಂದು ಆಳು ಹೋಗಿ ದುಡಿದು ಬರುವುದು ನಮ್ಮಲ್ಲಿನ ಪದ್ಧತಿ. ನನ್ನ ತಲೆಯಲ್ಲಿ ಡಬ್ಬಿಯೂ ಪಾಯವೂ ಒಟ್ಟಿಗೆ ಬಂದು ನಿಂತವು.

ಅವನು ಡಬ್ಬಿ ತೆಗೆದು ತೋರಿಸಿದ. ಬಿಳೀ ಕಾರ್ಡು, ಹಗುರ, ಅಂಚಿನಲ್ಲಿ ಬಣ್ಣದ ದೀಪ ಬೇರೆ.

"ಭಾವ, ಜುಂಜಪ್ಪಂದು ಕರೇ ಕಾರ್ಡು ನೋಡಿದ್ರಾ? ಇಟ್ಟಿಗೆ ಇದ್ದಂಗೈತೆ. ಮುನ್ನೂರು ವ್ಯಾಟ್ ಕರೆಂಟು ಕುಡೀತದೆ. ಇದಕ್ಕೆ ನೂರೈವತ್ತು ಸಾಕು. ಅದು ಸೆಕೆಂಡಿಗೆ ಅರವತ್ತು ಸಲ ನೆರಳು ಬರೆದ್ರೆ ಇದು ನೂರಿಪ್ಪತ್ತು ಸಲ ಬರೀತದೆ. ಎಲೆ ಅಲ್ಲಾಡ್ತಾ, ನೆರಳೂ ಅಲ್ಲಾಡ್ತು. ಅಷ್ಟೇಯ."

"ಭೇಷ್" ಎಂದರು ನಮ್ಮವರು. ಅವರು ಯಾರು ಏನು ತೋರಿಸಿದರೂ ಭೇಷ್ ಎನ್ನುವವರು.

"ಮೆಮೊರಿ ಎಷ್ಟೈತೆ?" ಎಂದು ನಾನು ಕೇಳಿದೆ. ಈ ಊರಲ್ಲಿ ತೋಟ ಇಟ್ಟುಕೊಂಡವಳಿಗೆ ಅಷ್ಟು ತಿಳಿಯದಿದ್ದರೆ ಆಗುವುದಿಲ್ಲ.

"ಎಂಟು ಜಿಬಿ ಅಕ್ಕ."

"ಕರೇದಕ್ಕೆ?"

"ಹದಿನಾರು. ಆದ್ರೆ ಇಟ್ಕೊಂಡೇನ್ ಮಾಡ್ತೀಯ? ಕಣಜ ದೊಡ್ಡದಾದ ಮಾತ್ರಕ್ಕೆ ಅನ್ನ ಬೇಗ ಬೇಯ್ತದಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಂದ್ ಮಾತು ಅಕ್ಕ. ನಾಡಿದ್ದು ನಂದನ್ನ ನೋಡುವಾಗ ಯಾವತ್ತಿನಂಗೇ ನೋಡ್ಬೇಕು. ಅದೇ ಜಾಗ, ಅದೇ ಮುತ್ತುಗದೆಲೆ, ಅದೇ ಎಮ್ಮೆ ಬೆಣ್ಣೆ. ಬದಲಾಯಿಸೋಕೆ ಹೋಗ್ಬೇಡಿ" ಎಂದ.

ನಾವೇನು ಬದಲಾಯಿಸುತ್ತೇವೆಂದು ಅಂದಿರಲಿಲ್ಲ. ನಾನು ಅವನ ಮುಖ ನೋಡಿದೆ, ಅವನು ಲೋಟದ ತಳ ನೋಡಿದ.

ಜುಂಜಪ್ಪನ ಮೇಲೂ ನನಗೆ ಪೂರ್ತಿ ನಂಬಿಕೆಯಿತ್ತು ಎನ್ನಲಾರೆ. ಕರೇ ಕಾರ್ಡು ಕಾಯುತ್ತದೆ, ಕಾದರೆ ನೆರಳುಮನೆಯ ಒಳಗೆಲ್ಲ ಬಿಸಿ. ಹಳೆಯ ಕಾರ್ಡು ಕಾಯುತ್ತಿದ್ದಾಗ ಅವನ ಹೆಂಡತಿ ಆ ಬಿಸಿಗೇ ಹಪ್ಪಳ ಒಣಗಿಸಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಕೇರಿಯಲ್ಲಿ ಗರಿಗರಿ ಹಪ್ಪಳ ಅವರ ಮನೆಯಲ್ಲಿ ಮಾತ್ರ. ಒಬ್ಬನಿಗೆ ಪಾಯ, ಒಬ್ಬನಿಗೆ ಹಪ್ಪಳ. ನೆರಳಿನ ಚಿಂತೆ ಯಾರಿಗಿದೆ ಎಂದು ನಾನು ನಿದ್ದೆಯಿಲ್ಲದೆ ಹೊರಳಿದೆ.

ಬೆಣ್ಣೆ ಇಡುವ ಜಾಗ ನೆರಳುಮನೆಯ ಮುಂದಿನ ಹುಣಸೆಮರದ ಕೆಳಗೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮುತ್ತುಗದೆಲೆಯ ಮೇಲೆ ನಿಂಬೆಗಾತ್ರದ ಎಮ್ಮೆ ಬೆಣ್ಣೆ ಇಟ್ಟು, ಕೇರಿಯವರೆಲ್ಲ ಸುತ್ತ ಕೂರುತ್ತಾರೆ. ಹೊತ್ತು ವಾಲುವವರೆಗೆ ಬೆಣ್ಣೆ ಆಕಾರ ಉಳಿಸಿಕೊಂಡರೆ ನೆರಳು ಗಟ್ಟಿ. ಯಾವ ಬೆಣ್ಣೆ ಚೆನ್ನಾಗಿ ನಿಲ್ಲುತ್ತದೋ ಆ ಕಾರ್ಡಿಗೆ ಅರಿಶಿನ ಕುಂಕುಮವಿಟ್ಟು ಅವತ್ತೇ ಕೂರಿಸುವುದು. ಕೂರಿಸಿದ ಕಾರ್ಡನ್ನು ಮುಂದಿನ ಶಿವರಾತ್ರಿಯವರೆಗೆ ಎಬ್ಬಿಸುವಂತಿಲ್ಲ. ಹಿಂದೆ ಕೆಳಗಿನ ಕೇರಿಯವರು ನಡುವರ್ಷದಲ್ಲಿ ಎಬ್ಬಿಸಿ ನೆರಳುಗಳೆಲ್ಲ ಅದಲುಬದಲಾಗಿ, ಅಲ್ಲಿಯ ಪಟೇಲರು ಯುಗಾದಿಯವರೆಗೂ ಮೇಕೆಯ ನೆರಳು ಕಟ್ಟಿಕೊಂಡು ಓಡಾಡಿದ್ದರು.

ಮೊದಲ ದಿನ ಕರೇ ಕಾರ್ಡಿನದು. ಜುಂಜಪ್ಪ ಹಾಕಿದ ಕೂಡಲೇ ಒಳಗೆ ಹಿಟ್ಟಿನ ಗಿರಣಿ ಶುರುವಾದಂತೆ ಸದ್ದಾಯಿತು, ಕೇರಿಯ ಬಲ್ಬುಗಳೆಲ್ಲ ಒಮ್ಮೆ ಮಂಕಾದವು. ನೆರಳು ನಿಧಾನವಾಗಿ ಬಂತು. ದಪ್ಪ ನೆರಳು. ಅಂಚು ಅಷ್ಟೇನೂ ಚೂಪಲ್ಲ, ಗಾಳಿ ಬಂದರೆ ಸ್ವಲ್ಪ ಹಿಂದೆ ಬೀಳುತ್ತಿತ್ತು. ಬೆಣ್ಣೆ ಕರಗಲಿಲ್ಲ, ಆದರೆ ಒಂದು ಪಕ್ಕ ಜಗ್ಗಿತು.

"ಪರವಾಗಿಲ್ಲ" ಎಂದರು ಜನ. ಎದ್ದು ಹೋಗುವಾಗ ಯಾರ ಮುಖವೂ ಅರಳಿರಲಿಲ್ಲ.

ಎರಡನೆಯ ದಿನ ಬಿಳೀ ಕಾರ್ಡಿನದು. ಸದ್ದೇ ಇಲ್ಲ. ನೆಲದ ಮೇಲೆ ಹುಣಸೆಯ ಒಂದೊಂದು ಎಸಳೂ ಎಣಿಸುವ ಹಾಗೆ ಬಿತ್ತು. ಗಾಳಿಗೆ ಎಲೆ ನಡುಗಿದರೆ ಆ ಕ್ಷಣವೇ ನೆಲದಲ್ಲೂ ನಡುಕ. ಬೆಣ್ಣೆ ಹಸುಗೂಸಿನ ಹೊಸ ಹಲ್ಲಿನಂತೆ ನಿಂತಿತ್ತು. ಹೆಂಗಸರು "ಅಯ್ಯೋ ಚೆಂದವೇ!" ಎಂದರು. ಗಂಡಸರು ಬಿಳೀ ಹೋರಿ ಕೊಂಡವರಂತೆ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಓಬಳೇಶ ತೋಳು ಕಟ್ಟಿಕೊಂಡು ನಿಂತಿದ್ದ.

ನಾನು ಬೆಣ್ಣೆ ನೋಡುತ್ತಿರಲಿಲ್ಲ. ಮರದ ಆಚೆ ಬದಿಗೆ ಕಟ್ಟಿದ್ದ ಕೆಂಚಕ್ಕನ ಎಮ್ಮೆಯನ್ನು ನೋಡುತ್ತಿದ್ದೆ. ಅದು ನಡುನೆರಳಿನಲ್ಲಿ ಮಲಗಿದ್ದದ್ದು ಎದ್ದಿತು, ಹಗ್ಗ ಸಾಲುವಷ್ಟು ದೂರ ಎಳೆದುಕೊಂಡು ಹೋಗಿ ನೆರಳುಮನೆಯ ಸೂರಿನ ಕೆಳಗೆ ಮೂತಿ ತೂರಿಸಿ ನಿಂತಿತು. ನಾನು ಎದ್ದು ಅದು ಮಲಗಿದ್ದ ಜಾಗಕ್ಕೆ ಹೋಗಿ ಅಂಗಾಲು ಇಟ್ಟೆ. ನೋಡಲು ಕಪ್ಪು ನೆರಳು, ಕಾಲಿಗೆ ಕಾದ ಹೆಂಚು. ತಲೆಯೆತ್ತಿದೆ. ಹುಣಸೆಯ ಪಡುವಣ ಕೊಂಬೆ ಹೋದ ಮಳೆಗಾಲದ ಗಾಳಿಗೆ ಮುರಿದು ಬಿದ್ದು ನಮ್ಮ ಒಲೆಯಲ್ಲೇ ಉರಿದುಹೋಗಿತ್ತು. ನೆಲದ ನೆರಳಿನಲ್ಲಿ ಅದು ಎಲೆ ಸಮೇತ ಇತ್ತು.

"ಜುಂಜಣ್ಣ, ಬೆಣ್ಣೆ ತಂದು ಇಲ್ಲಿಡು ಮತ್ತೆ" ಎಂದು ಕೂಗಿದೆ.

ಎಲ್ಲರೂ ತಿರುಗಿದರು. "ಯಾಕವ್ವ?" ಎಂದ ಜುಂಜಪ್ಪ.

"ಇಲ್ಲದ ಕೊಂಬೆಗೆ ನೆರಳು ಬಿದ್ದೈತೆ. ಈ ಕಾರ್ಡು ಮರ ನೋಡಿ ಬರೀತಿಲ್ಲ. ಮುಂದುಗಡೆ ಬರೆದದ್ದನ್ನೇ ಹಿಂದುಗಡೆ ಅಂಟಿಸೈತೆ."

"ಬೆಣ್ಣೆ ಇಡೋ ಜಾಗ ಇದೇಯ. ನಮ್ಮ ತಾತನ ಕಾಲದಿಂದ ಇಲ್ಲೇ ಇಡ್ತಿರೋದು" ಎಂದು ಯಾರೋ ಅಂದರು. ಇನ್ನೊಬ್ಬರು, "ಸಿರಿಯಕ್ಕ ತವರಿಂದ ಬಂದ ಸೀರೇನೂ ಬಿಸಿಲಿಗೆ ಹಿಡಿದು ತೂತು ಹುಡುಕೋಳು" ಎಂದರು. ಜನ ನಕ್ಕರು. ಕೆಂಚಕ್ಕನೂ ಸೆರಗು ಬಾಯಿಗೆ ಅಡ್ಡಹಿಡಿದು ನಕ್ಕಳು.

ನಾನು ಜುಂಜಪ್ಪನ ಕಡೆ ನೋಡಿದೆ. ಅವನು ಬಾಯಿ ಬಿಡಲಿಲ್ಲ. ಅವನು ಮಾತಾಡಿದರೆ ತನ್ನ ಕಾರ್ಡಿಗೋಸ್ಕರ ಮಾತಾಡಿದ ಎನ್ನುತ್ತಾರೆ, ಅದಕ್ಕೇ ಸುಮ್ಮನಾದನೇನೋ. ಓಬಳೇಶ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ಬೇರೆಯವರು ಕಲ್ಲು ಹಾಕಿದ್ರೆ ತಡ್ಕೋಬೋದು. ನೀನೇ ಹಾಕ್ತೀಯಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರನ್ನೂ ನಾನು ನಂಬಲಿಲ್ಲ.

ಅವತ್ತು ಸಂಜೆಯೇ ಬಿಳೀ ಕಾರ್ಡನ್ನು ಅರಿಶಿನ ಕುಂಕುಮವಿಟ್ಟು ಕೂರಿಸಿದರು. ಕರೇದನ್ನು ಮೇಲಿನ ಕೇರಿಯವರು ಬಂದು ಹೊತ್ತುಕೊಂಡು ಹೋದರು. ಹೊತ್ತವನು ದಾರಿಯಲ್ಲಿ ಎರಡು ಕಡೆ ಇಳಿಸಿ ಸುಧಾರಿಸಿಕೊಂಡ. ನಮ್ಮ ಕೇರಿಯವರು ನೋಡಿ ನಕ್ಕರು.

ಮೊದಲ ವಾರ ಕೇರಿಯವರಿಗೆ ಹಬ್ಬ. ನೆರಳು ಎಷ್ಟು ಚೆಂದವಿತ್ತೆಂದರೆ ಜನ ನಡೆಯುವಾಗ ತಮ್ಮ ನೆರಳನ್ನೇ ನೋಡಿಕೊಂಡು ನಡೆಯುತ್ತಿದ್ದರು. ಸ್ವಲ್ಪ ದಿನದಲ್ಲೇ ಇನ್ನೊಂದು ಗೊತ್ತಾಯಿತು. ಕೇರಿಯ ಹೆಂಗಸರಿಗೆಲ್ಲ ಒಂದೇ ನೆರಳು. ದಪ್ಪಗಿದ್ದವಳಿಗೂ ಸಣ್ಣಗಿದ್ದವಳಿಗೂ, ಬಗ್ಗಿದ ಮುದುಕಿಗೂ ಅದೇ ನೀಳ ಜಡೆಯ ನೆರಳು. ಮುದುಕಿಯರು ಖುಷಿಪಟ್ಟರು. ನನಗೆ ಮೈ ಜುಮ್ಮೆಂದಿತು. ಹಿಂದಿನಿಂದ ಬಂದವರು ಯಾರೆಂದು ನೆರಳು ನೋಡಿ ಹೇಳಲಾಗದ ಮೇಲೆ ಊರಲ್ಲಿ ಇರುವುದು ಹೇಗೆ?

ತೋಟದಲ್ಲಿ ಬಳ್ಳಿಗಳ ತುದಿ ಬಾಡತೊಡಗಿತು. ನೀರು ಹಾಯಿಸಿದೆ, ಮತ್ತೆ ಬಾಡಿತು. ಮಧ್ಯಾಹ್ನ ಹೋಗಿ ನಿಂತರೆ ಕಣ್ಣಿಗೆ ತುಂಬು ನೆರಳು, ನೆತ್ತಿಗೆ ಬೆಂಕಿ. ನಮ್ಮ ಹಸುವಿನ ಬೆಣ್ಣೆಯನ್ನು ವೀಳ್ಯದೆಲೆಯ ಮೇಲೆ ಹಾಕಿ ಅಲ್ಲಲ್ಲಿ ಮರದ ಬುಡದಲ್ಲಿಟ್ಟೆ. ನೋಡನೋಡುತ್ತಿದ್ದಂತೆ ಹರಿದು ಮಣ್ಣು ಸೇರಿತು. ಇರುವೆ ಬಂದವು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ.

ಆಗ ಓಬಳೇಶನ ಮಾತು ನೆನಪಾಯಿತು. ಅದೇ ಮುತ್ತುಗದೆಲೆ. ಎಮ್ಮೆಯದೋ ಹಸುವಿನದೋ ಇರಲಿ ಎಂದುಕೊಂಡು ಮನೆಗೆ ಹೋಗಿ ಒಂದು ಮುತ್ತುಗದೆಲೆ ತಂದೆ, ನಡುವೆ ಬೆಣ್ಣೆ ಇಟ್ಟು ಬಾಡಿದ ಬಳ್ಳಿಯೊಂದರ ಬುಡದಲ್ಲಿಟ್ಟೆ. ಇಟ್ಟ ಕೈ ತೆಗೆಯುವಷ್ಟರಲ್ಲಿ ಕೈಮೇಲೆ ತಂಪು ಬಿತ್ತು. ಸುಳ್ಳಲ್ಲ, ಬಾವಿಗೆ ಕೈ ಇಳಿಬಿಟ್ಟಂಥ ತಂಪು. ಆ ಒಂದು ಮರದ ಸುತ್ತ ನೆರಳಿನ ಬಣ್ಣವೇ ಬೇರೆಯಾಯಿತು. ಎಲೆ ತೆಗೆದೆ, ಬೆಂಕಿ. ಇಟ್ಟೆ, ತಂಪು.

ನಾವು ಬೆಣ್ಣೆ ಇಟ್ಟು ನೋಡುತ್ತೇವೆಂದು ಆ ಕಾರ್ಡಿಗೆ ಗೊತ್ತಿತ್ತು.

ಕೇರಿಯವರನ್ನು ಕರೆದು ತೋರಿಸಿದೆ. ಈ ಸಲ ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎಲೆ ಇಟ್ಟರು, ತೆಗೆದರು, ಮುಖ ಮುಖ ನೋಡಿಕೊಂಡರು. ನಮ್ಮವರು ಹೋಗಿ ಸಂತೆಯೂರಿನಿಂದ ಓಬಳೇಶನನ್ನು ಕರೆದುಕೊಂಡು ಬಂದರು.

"ಅದೇ ಎಲೆ ಇಡಿ ಅಂದ್ಯಲ್ಲ, ಯಾಕಂದೆ?" ಎಂದು ಕೇಳಿದೆ.

"ಕಾರ್ಡು ಕೊಟ್ಟೋರು ಹಂಗನ್ನು ಅಂದ್ರು, ನಾನಂದೆ. ಅಕ್ಕ, ನನ್ ಮಕ್ಳಾಣೆ ನಂಗೆ ಗೊತ್ತಿರ್ನಿಲ್ಲ."

"ಯಾಕಂತ ಅವರನ್ನ ಕೇಳ್ಲಿಲ್ವಾ?"

"ಕೇಳಿದ್ರೆ ಕೊಡಾಕಿಲ್ವೇನೋ ಅಂತ..." ಎಂದು ನೆಲ ನೋಡಿದ.

ಜುಂಜಪ್ಪ ಗೋಡೆಗೊರಗಿ ನಿಂತಿದ್ದವನು ಈ ವಿಷಯಕ್ಕೆ ಮೊದಲ ಸಲ ಬಾಯಿಬಿಟ್ಟ. "ಬರೆಯೋ ಕೆಲಸ ಎಲ್ಲ ಕಡೆ ಮಾಡಿದ್ರೆ ನೂರಿಪ್ಪತ್ತು ಸಲ ಬರೆಯಾಕಾಯ್ತದಾ? ನೂರೈವತ್ತು ವ್ಯಾಟ್‌ನಲ್ಲಿ ಮುಗೀತದಾ? ನಾವು ನೋಡೋ ಕಡೆ ಗೇಯ್ತದೆ, ನೋಡದ ಕಡೆ ಮಲಗ್ತದೆ. ಎತ್ತು ಹಂಗಿದ್ರೆ ಮೂಗುದಾರ ಬಿಗೀಬೋದು. ಇದಕ್ಕೆ ಮೂಗೆಲ್ಲೈತೆ?"

"ಅವತ್ತೇ ಹೇಳ್ಬಾರ್ದಾಗಿತ್ತಾ?" ಎಂದರು ಯಾರೋ.

"ಹೇಳಿದ್ರೆ ಹಪ್ಪಳದ ಆಸೆಗೆ ಹೇಳ್ದ ಅಂತಿದ್ರಿ" ಎಂದ ಜುಂಜಪ್ಪ. ಹೇಳುವಾಗ ನನ್ನ ಕಡೆಯೇ ನೋಡಿದ. ನನ್ನ ಮನಸ್ಸಿನದು ಅವನಿಗೆ ಹೇಗೆ ತಿಳಿಯಿತೋ.

ಕಾರ್ಡನ್ನು ಎಬ್ಬಿಸುವಂತಿರಲಿಲ್ಲ. ಮೇಕೆಯ ನೆರಳು ಯಾರಿಗೂ ಬೇಡ. ಹಾಗಾಗಿ ನಮ್ಮ ಕೇರಿ ಆ ಬೇಸಿಗೆಯನ್ನು ಮುತ್ತುಗದೆಲೆಯಿಂದ ದಾಟಲು ಹೊರಟಿತು. ಎಲ್ಲಿ ನೆರಳು ಬೇಕೋ ಅಲ್ಲಿ ಒಂದೆಲೆ, ಎಲೆಯ ಮೇಲೆ ಬೆರಳ ತುದಿಯಷ್ಟು ಬೆಣ್ಣೆ. ಕೊಟ್ಟಿಗೆಯ ಮುಂದೆ ಒಂದು, ಬಾವಿಕಟ್ಟೆಗೆ ಒಂದು, ತೊಟ್ಟಿಲು ಕಟ್ಟಿದ ಬೇವಿನಮರಕ್ಕೆ ಒಂದು. ದಾರಿಯಲ್ಲಿ ಹೋಗುವವರು ತಲೆಯ ಮೇಲೆ ಎಲೆ ಇಟ್ಟುಕೊಂಡು ಹೋಗುತ್ತಿದ್ದರು, ಬೆಣ್ಣೆ ಹಣೆಗೆ ಇಳಿಯುತ್ತಿತ್ತು. ಆ ಬೇಸಿಗೆ ನಮ್ಮ ಕೇರಿಯಲ್ಲಿ ಯಾರೂ ರೊಟ್ಟಿಗೆ ಬೆಣ್ಣೆ ಸವರಿ ತಿನ್ನಲಿಲ್ಲ. ಮೇಲಿನ ಕೇರಿಯವರು ಕರೇ ಕಾರ್ಡಿನ ಮಂಕು ನೆರಳಿನಲ್ಲಿ ಕಾಲು ಚಾಚಿ ಮಲಗಿ, ನಮ್ಮನ್ನು ನೋಡಿ ನಗುವ ಸರದಿ ಬಂತು.

ಅಷ್ಟಕ್ಕೇ ನಿಂತಿದ್ದರೆ ನಗುತ್ತಲೇ ಕಳೆಯಬಹುದಿತ್ತು. ಎಲೆಗಳು ಹೆಚ್ಚಿದ ಹಾಗೆ ನೆರಳು ತೆಳುವಾಗತೊಡಗಿತು. ಎಂಟು ಜಿಬಿಯಲ್ಲಿ ಅದು ಎಷ್ಟು ಎಲೆ ನೆನಪಿಟ್ಟುಕೊಂಡೀತು? ಒಬ್ಬರು ಹೊಸ ಎಲೆ ಇಟ್ಟರೆ ಇನ್ನೊಬ್ಬರ ಎಲೆಯ ಮೇಲಿನ ಬೆಣ್ಣೆ ಕರಗುತ್ತಿತ್ತು. ಕೊನೆಗೆ ಕೂತು ಮಾತಾಡಿ, ಮನೆಗಿಷ್ಟು ಎಂದು ಎಲೆ ಹಂಚಿಕೊಂಡೆವು. ತೋಟವಿದೆಯೆಂದು ನನಗೆ ನಾಲ್ಕು ಹೆಚ್ಚಿಗೆ ಕೊಟ್ಟರು. ಅವು ಸಾಲುವುದಿಲ್ಲ. ನಾನು ಹೊತ್ತು ತಿರುಗಿದ ಹಾಗೆ ಸಾಲಿನಿಂದ ಸಾಲಿಗೆ ಎಲೆ ಬದಲಾಯಿಸುತ್ತಾ ಮಧ್ಯಾಹ್ನವೆಲ್ಲ ತೋಟದಲ್ಲೇ ನಿಲ್ಲಬೇಕಾಯಿತು. ಎಲ್ಲ ಬಳ್ಳಿಗೂ ಸ್ವಲ್ಪ ಸ್ವಲ್ಪ ತಂಪು, ಯಾವುದಕ್ಕೂ ಪೂರ್ತಿಯಿಲ್ಲ.

ಹಂಚಿಕೊಂಡ ಮೇಲೆ ಕದಿಯುವುದು ಶುರುವಾಯಿತು. ಇವತ್ತು ಇಟ್ಟ ಎಲೆ ನಾಳೆ ಇರುತ್ತಿರಲಿಲ್ಲ. ದನ ತಿಂದಿರಬೇಕು ಎನ್ನುತ್ತಿದ್ದರು. ದನ ತಿಂದರೆ ಕಡ್ಡಿಯಾದರೂ ಉಳಿಯುತ್ತದೆ. ಒಬ್ಬರ ಅಂಗಳದ ಎಲೆಯನ್ನು ಇನ್ನೊಬ್ಬರು ಎಣಿಸಿಕೊಂಡು ಹೋಗುವುದು ವಾಡಿಕೆಯಾಯಿತು. ಯಾರು ಕದ್ದರೆಂದು ಹೇಳೋಣವೆಂದರೆ, ಕಂಡವರಿಗೆ ಕಂಡದ್ದು ಜಡೆಯ ನೆರಳು ಮಾತ್ರ. ನನ್ನ ತೋಟದಿಂದ ಒಂದು ಹೋಯಿತು, ಮತ್ತೊಂದು ಹೋಯಿತು. ಬೇಲಿಯ ಆಚೆ ಕೆಂಚಕ್ಕನ ಎಮ್ಮೆ ಮಾತ್ರ ದಿನಾ ತಂಪಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಒಂದು ಮನೆಯ ಪಾಲಿನಲ್ಲಿ ಎಮ್ಮೆಗೆ ಅಷ್ಟು ತಂಪು ಎಲ್ಲಿಂದ ಬರಬೇಕು?

ಹಾಗಿರುವಾಗ ಒಂದು ಬೆಳಿಗ್ಗೆ ಕೆಂಚಕ್ಕ ಬೇಲಿಯ ಮೇಲಿಂದ ಕೂಗಿದಳು.

"ಸಿರೀ, ನಾಳೆ ಕಡಲೆಕಾಯಿ ಕೀಳಾಕೆ ಬಾರೆ. ಮುಯ್ಯಿ ತೀರಿಸು."

"ನಾಳೇನೇ ಬೇಕಾ ಅಕ್ಕ? ಈ ಬಿಸಿಲಲ್ಲಿ ತೋಟ ಬುಟ್ಟು..."

"ನೆಲ ಗಟ್ಟಿ ಆಗೋಕ್ ಮುಂಚೆ ಕೀಳ್ಬೇಕು ಕಣೆ. ನಿನ್ ಬಳ್ಳಿ ಇಳಿಸೋವಾಗ ನಾನು ನಾಳೆ ಬರ್ತೀನಿ ಅಂದಿದ್ನಾ?"

ಅಂದಿರಲಿಲ್ಲ. ಒಪ್ಪಿಕೊಂಡೆ. ನಮ್ಮವರಿಗೆ ಎಲೆ ಬದಲಾಯಿಸಲು ಹೇಳೋಣವೆಂದರೆ ಅವರು ಓಬಳೇಶನ ಪಾಯಕ್ಕೆ ಕಲ್ಲು ಹೊರಲು ಹೋಗಿದ್ದರು. ಕೇರಿಯ ಬೇರೆ ಯಾವ ಮನೆಯಿಂದಲೂ ಆಳು ಹೋಗಿರಲಿಲ್ಲ. "ನೀವ್ಯಾಕೆ ಹೋಗ್ತೀರಿ?" ಎಂದು ಜಗಳಾಡಿದ್ದಕ್ಕೆ, "ಎಲೆ ಇಟ್ಟ ಕಡೆ ತಂಪಾಯ್ತದಲ್ಲ, ಅಷ್ಟಕ್ಕಾದ್ರೂ ಒಂದಾಳು ಬ್ಯಾಡ್ವಾ?" ಎಂದು ಟವಲು ಕೊಡವಿಕೊಂಡು ನಡೆದಿದ್ದರು.

ಮರುದಿನ ನನ್ನ ಎಲೆಗಳನ್ನೆಲ್ಲ ತೋಟದ ನಡುಸಾಲಿಗೆ ಇಟ್ಟು, ಮೇಲೆ ಹಸುವಿನ ಬೆಣ್ಣೆ ಹಾಕಿ, ಬೇಲಿಯ ಬಾಯಿಗೆ ಮುಳ್ಳು ಜಡಿದು ಕೆಂಚಕ್ಕನ ಹೊಲಕ್ಕೆ ಹೋದೆ. ನೆಲ ಆಗಲೇ ಬಿಗಿದಿತ್ತು. ಗಿಡ ಹಿಡಿದು ಅಲ್ಲಾಡಿಸಿ ಎಳೆದರೆ ಅರ್ಧ ಕಾಯಿ ಮಣ್ಣಿನಲ್ಲೇ ಉಳಿಯುತ್ತಿತ್ತು, ಕೆದಕಿ ಆರಿಸಬೇಕು. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದೆವು. ನಮ್ಮಿಬ್ಬರ ನೆರಳು ಒಂದೇ ಥರ ಬಗ್ಗಿ ಒಂದೇ ಥರ ಏಳುತ್ತಿದ್ದವು. ಅವಳು ಎಂದಿನಂತೆ ಮಾತಾಡಲಿಲ್ಲ. ಅದೂ ನನಗೆ ಹಿಡಿಸಲಿಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದಾಗ, "ಎಮ್ಮೆಗೆ ನೀರು ತೋರಿಸ್ಬಂದೆ ಇರು" ಎಂದು ಕೆಂಚಕ್ಕ ಹೋದಳು. ನಾನು ನನ್ನ ಸಾಲು ಮುಗಿಸಿದೆ. ಅವಳು ಬರಲಿಲ್ಲ. ಅವಳ ಸಾಲಿನಲ್ಲಿ ಸ್ವಲ್ಪ ಕಿತ್ತೆ. ಬರಲಿಲ್ಲ. ಎಮ್ಮೆ ಕೆರೆಯನ್ನೇ ಕುಡಿಯುತ್ತಿದೆಯೇ? ನನಗೆ ಒಮ್ಮೆಲೇ ಎಲ್ಲ ಕಂಡ ಹಾಗಾಯಿತು. ಈ ದಿನವನ್ನೇ ಯಾಕೆ ಗೊತ್ತುಮಾಡಿದಳು, ನಾನು ತೋಟ ಬಿಟ್ಟು ಬರುವಂತೆ ಯಾಕೆ ಮಾಡಿದಳು. ಕೈಯಲ್ಲಿದ್ದ ಗಿಡ ಅಲ್ಲೇ ಬಿಸಾಡಿ ಓಡಿದೆ.

ಬೇಲಿಯ ಬಾಯಿಯ ಮುಳ್ಳು ಪಕ್ಕಕ್ಕೆ ಸರಿದಿತ್ತು. ಒಳಗೆ ಅಗಸೆ ಮರಗಳ ನಡುವೆ ನೀಳ ಜಡೆಯ ನೆರಳೊಂದು ಬಗ್ಗಿತ್ತು. ಕ್ಷಣಮಾತ್ರ, ಇದು ನನ್ನದೇ ನೆರಳು, ನನಗಿಂತ ಮೊದಲು ಬಂದುಬಿಟ್ಟಿದೆ ಎನಿಸಿತು. ಆಮೇಲೆ ಮರದ ಮರೆಯಿಂದ ಕೆಂಚಕ್ಕನ ಬೆನ್ನು ಕಂಡಿತು. ಅವಳ ಕೈಯಲ್ಲಿ ಮುತ್ತುಗದೆಲೆ.

"ಅಕ್ಕಾ!" ಎಂದೆ.

ಅವಳು ಬೆಚ್ಚಿ ತಿರುಗಿದಳು. ಎಲೆ ಕೈಯಲ್ಲೇ ಇತ್ತು. ಕಳ್ಳಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಇನ್ನೊಂದು ಉಸಿರು ಬಿಟ್ಟಿದ್ದರೆ ಆಡಿಬಿಡುತ್ತಿದ್ದೆ. ಅಷ್ಟರಲ್ಲಿ ಎಲೆಯ ಮೇಲಿನ ಬೆಣ್ಣೆ ಕಣ್ಣಿಗೆ ಬಿತ್ತು. ನಾನಿಟ್ಟದ್ದು ಹಸುವಿನ ಬೆಣ್ಣೆ, ಹಳದಿ. ಇದು ಅಚ್ಚ ಬಿಳುಪು.

ಅವಳ ಹಿಂದೆ ನೋಡಿದೆ. ನಡುಸಾಲಿನಲ್ಲಿ ನನ್ನ ಎಲೆಗಳೆಲ್ಲ ನಾನಿಟ್ಟಲ್ಲೇ ಇದ್ದವು. ಪಡುವಣ ಸಾಲಿನಲ್ಲಿ, ಆ ದಿನಕ್ಕೆ ಆಸೆ ಬಿಟ್ಟುಬಂದಿದ್ದ ಬಳ್ಳಿಗಳ ಬುಡದಲ್ಲಿ, ಬಿಳೀ ಬೆಣ್ಣೆಯ ಎಲೆಗಳು ಒಂದರ ಪಕ್ಕ ಒಂದು ಇದ್ದವು. ಬೇಲಿಯ ಆಚೆ ಎಮ್ಮೆ ಬಿಸಿಲಿನಲ್ಲಿ ನಾಲಗೆ ಚಾಚಿ ನಿಂತಿತ್ತು.

"ಏನೇ, ಹೊಲ ಬುಟ್ಟು ಬಂದ್ಬುಟ್ಟೆ?" ಎಂದಳು ಕೆಂಚಕ್ಕ.

"ನೀವು ಬರ್ಲಿಲ್ವಲ್ಲ ಅಂತ" ಎಂದೆ.

"ಅಂತ?"

ಅವಳು ನನ್ನ ಮುಖವನ್ನು ನಿಧಾನವಾಗಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ. ಅವಳಿಗೆ ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. ಬಗ್ಗಿ, ಕೈಯಲ್ಲಿದ್ದ ಕೊನೆಯ ಎಲೆಯನ್ನು ಬಳ್ಳಿಯ ಬುಡದಲ್ಲಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು.

"ನಡಿ. ಹೊತ್ತು ವಾಲೋದ್ರೊಳಗೆ ಸಾಲು ಮುಗೀಬೇಕು."

ಹೊಲಕ್ಕೆ ತಿರುಗಿ ಹೋಗಿ ಸಂಜೆಯವರೆಗೆ ಕಿತ್ತೆವು. ಬಿಟ್ಟುಹೋದ ಹೊತ್ತಿಗೆ ಬದಲಾಗಿ ನಾನು ಅವಳು ನಿಲ್ಲಿಸಿದ ಮೇಲೂ ಎರಡು ಸಾಲು ಹೆಚ್ಚಿಗೆ ಕಿತ್ತು, ಮಣ್ಣಿನಲ್ಲಿ ಉಳಿದ ಕಾಯಿಯನ್ನೂ ಕೆದಕಿ ಆರಿಸಿ ಮಂಕರಿಗೆ ಹಾಕಿದೆ. ಸೂರ್ಯ ಮುಳುಗಿ ನೆರಳುಗಳು ಒಟ್ಟಿಗೆ ಆರಿಹೋದವು. ಕೆಂಚಕ್ಕ ಮಂಕರಿಯನ್ನು ಸೊಂಟಕ್ಕೆ ಏರಿಸಿಕೊಂಡು, "ನಿನ್ ದಿನ ಬಂತು ಬುಡು, ಮುಯ್ಯಿ ತೀರ್ತು" ಎಂದಳು.

"ಎಲೆ, ಬೆಣ್ಣೆ?" ಎಂದೆ. "ಅದಕ್ಕೇನು ಕೊಡ್ಲಿ?"

"ಅದಕ್ಕೇನು ಮುಯ್ಯಿ?"

"ಯಾಕಿಟ್ರಿ ಮತ್ತೆ?"

"ಇಟ್ಟೆ" ಎಂದಳು. ಅಷ್ಟೇ ಹೇಳಿ ಎಮ್ಮೆಯ ಹಗ್ಗ ಬಿಚ್ಚಲು ಹೋದಳು.

ಆ ಬೇಸಿಗೆ ಪಡುವಣ ಸಾಲು ಉಳಿಯಿತು. ನಡುಸಾಲಿನಲ್ಲಿ ಕೆಲವು ಹೋದವು. ಮುಂದಿನ ಶಿವರಾತ್ರಿಗೆ ಬಿಳೀ ಕಾರ್ಡನ್ನು ಎಬ್ಬಿಸಿದೆವು. ಬೆಣ್ಣೆಯನ್ನು ಎಲೆಯ ಮೇಲಲ್ಲ, ಎಮ್ಮೆ ಎಲ್ಲಿ ಮಲಗುತ್ತದೋ ಅಲ್ಲಿ ಬರೀ ನೆಲದ ಮೇಲಿಟ್ಟು ನೋಡಿ ಬೇರೆಯದನ್ನು ಕೂರಿಸಿದೆವು. ಜುಂಜಪ್ಪನ ಮನೆಯಲ್ಲಿ ಈಗ ಮತ್ತೆ ಹಪ್ಪಳ ಗರಿಗರಿ. ಕೆಂಚಕ್ಕನ ನೆರಳು ಕೆಂಚಕ್ಕನಂತೆಯೇ ಕುಳ್ಳಗೆ ಬೀಳುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಅದು ಬೇಲಿಯ ಹತ್ತಿರ ಬಂದಾಗಲೆಲ್ಲ, ಇವತ್ತು ಆ ಬೆಣ್ಣೆಯ ಮುಯ್ಯಿ ಕೇಳಲು ಬಂದಳು ಎಂದುಕೊಂಡು ನಾನು ಕೈಕೆಲಸ ನಿಲ್ಲಿಸುತ್ತೇನೆ. ಅವಳು ಎಲೆಯಡಿಕೆ ಹಾಕಿಕೊಂಡು, ಊರಿನ ಮಾತಾಡಿ, ಹೋಗುತ್ತಾಳೆ. ಇದುವರೆಗೂ ಕೇಳಿಲ್ಲ.